ಸೂಜಿ ಚುಚ್ಚಿದ ಮೇಲಿನ ಅರ್ಧ ಗಂಟೆ

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯಂಥ ಕಡೆ ಪಶುವೈದ್ಯರ ಸೂಜಿ ಎಂದರೆ ಇವತ್ತಿಗೂ ಎತ್ತು-ಎಮ್ಮೆಗಳ ಕಾಲುಬಾಯಿ ಜ್ವರದ್ದು, ಕುರಿಗಳ ಕರುಳುಬೇನೆಯದ್ದು, 2022ರಿಂದೀಚೆಗೆ ದನಗಳ ಚರ್ಮಗಂಟು ರೋಗದ್ದು. ಬೆಕ್ಕು ಈ ಪಟ್ಟಿಯಲ್ಲಿ ಇರಲೇ ಇಲ್ಲ. ಮೆಕ್ಕೆಜೋಳ, ಶೇಂಗಾದ ಚೀಲ ಪೇರಿಸಿಟ್ಟ ಮನೆಗೆ ಇಲಿ ಕಾಯಲು ಅದು ಬೇಕು. ಆದರೆ ಅದಕ್ಕೆ ಖರ್ಚು ಮಾಡಬೇಕು ಎಂದು ಯಾರಿಗೂ ಅನ್ನಿಸಿದ್ದಿಲ್ಲ. ಈಗ ಅನ್ನಿಸುತ್ತಿದೆ. ಬೆಕ್ಕು ಪರಚಿದ ಮಗುವನ್ನು ಎತ್ತಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಓಡಿ, ರೇಬೀಸ್ ಸೂಜಿಗಾಗಿ ಮೇಲಿಂದ ಮೇಲೆ ಅಲೆದ ಮನೆಯವರು ಮುಂದಿನ ಸಲ ಬೆಕ್ಕಿಗೇ ಸೂಜಿ ಹಾಕಿಸುವುದು ಲೇಸು ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಹೊಸ ರೂಢಿಯ ಬೆನ್ನಿಗೇ ಹೊಸ ಭಯವೂ ಬರುತ್ತದೆ. ಸೂಜಿ ಹಾಕಿಸಿಕೊಂಡು ಬಂದ ಬೆಕ್ಕಿನ ಮುಖ ಊದಿತು, ವಾಂತಿ ಮಾಡಿಕೊಂಡಿತು, ಏದುಸಿರು ಬಿಟ್ಟಿತು ಎಂಬ ಒಂದು ಸುದ್ದಿ ಹರಡಿದರೆ ಸಾಕು, ಓಣಿಯ ಬೇರೆ ಬೆಕ್ಕುಗಳಿಗೆ ಆ ವರ್ಷ ಲಸಿಕೆ ಇಲ್ಲ. ಇದಕ್ಕೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಸಾಕಿದವರು ‘ಸೂಜಿ ನಂಜೇರಿತು, ಇನ್ನು ಬೇಡ’ ಎನ್ನುತ್ತಾರೆ. ಹಾಕುವವರು ‘ಏನೂ ಆಗಲ್ಲ, ಕರ್ಕೊಂಡು ಹೋಗಿ’ ಎನ್ನುತ್ತಾರೆ. ಎರಡೂ ಉತ್ತರಗಳು ಒಂದೇ ಕೆಲಸದಿಂದ ನುಣುಚಿಕೊಳ್ಳುತ್ತವೆ. ಅದು ಸೂಜಿ ಚುಚ್ಚಿದ ಮೇಲಿನ ಅರ್ಧ ಗಂಟೆ ಕಾಯುವ, ಬೇಕಾದದ್ದನ್ನು ಕೈಯಲ್ಲಿಟ್ಟುಕೊಂಡು ಕಾಯುವ ಕೆಲಸ. ಆ ಅರ್ಧ ಗಂಟೆಯನ್ನು ಲಸಿಕೆಯ ಭಾಗವೆಂದೇ ಎಣಿಸಬೇಕು. ಅದಿಲ್ಲದೆ ಹಾಕಿದ ಲಸಿಕೆ ಅರ್ಧ ಕೆಲಸ ಎಂಬುದು ಈ ಲೇಖನದ ವಾದ.

ಅಪಾಯದ ಅಳತೆಯಿಂದಲೇ ಶುರು ಮಾಡೋಣ. ಅಮೆರಿಕದ ಒಂದು ದೊಡ್ಡ ಪಶು ಆಸ್ಪತ್ರೆ ಸರಣಿಯ ದಾಖಲೆಗಳನ್ನು ಆಧರಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 2002ರಿಂದ 2005ರವರೆಗೆ ಲಸಿಕೆ ಪಡೆದ ಸುಮಾರು 4.96 ಲಕ್ಷ ಬೆಕ್ಕುಗಳು, ಅವುಗಳಿಗೆ ಹಾಕಿದ 12.5 ಲಕ್ಷಕ್ಕೂ ಹೆಚ್ಚು ಡೋಸುಗಳು ಅದರ ಲೆಕ್ಕದಲ್ಲಿದ್ದವು. ಮೂವತ್ತು ದಿನಗಳೊಳಗೆ ಯಾವುದಾದರೊಂದು ಅಡ್ಡಪರಿಣಾಮ ದಾಖಲಾದದ್ದು 10,000 ಬೆಕ್ಕುಗಳಲ್ಲಿ ಸುಮಾರು 52ಕ್ಕೆ. ಅವುಗಳಲ್ಲೂ ಅರ್ಧಕ್ಕಿಂತ ಹೆಚ್ಚಿನವು ಬರಿದೇ ಮಂಕಾಗಿದ್ದವು. ಕಾಲುಭಾಗದಷ್ಟಕ್ಕೆ ಚುಚ್ಚಿದ ಜಾಗದಲ್ಲಿ ಬಾವು ಅಥವಾ ನೋವು ಕಂಡಿತ್ತು. ಕಣ್ಣಿನ ಸುತ್ತ ಅಥವಾ ಮುಖ ಊದಿದ್ದು ಶೇ 5.7ರಷ್ಟರಲ್ಲಿ. ಅಂದರೆ ಲಸಿಕೆ ಪಡೆದ ಹತ್ತು ಸಾವಿರಕ್ಕೆ ಸುಮಾರು ಮೂರು ಬೆಕ್ಕು. ಆಸ್ಪತ್ರೆಗೆ ಮರಳಿ ಬಂದು ದಾಖಲಾದವಷ್ಟೇ ಈ ಲೆಕ್ಕಕ್ಕೆ ಸಿಕ್ಕಿವೆ, ಮನೆಯಲ್ಲೇ ನರಳಿ ಸುಧಾರಿಸಿಕೊಂಡವು ಸಿಕ್ಕಿಲ್ಲ ಎಂದುಕೊಂಡು ಅಂಕಿಯನ್ನು ಹಲವು ಪಟ್ಟು ಏರಿಸಿದರೂ ಇದು ಅಪರೂಪದ ಸಂಗತಿಯೇ. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ಒಂದೇ ಭೇಟಿಯಲ್ಲಿ ಹಾಕುವ ಲಸಿಕೆಗಳ ಸಂಖ್ಯೆ ಹೆಚ್ಚಿದಂತೆ ಅಡ್ಡಪರಿಣಾಮದ ಸಂಭವವೂ ಹೆಚ್ಚಿತು.

ಇದರ ಎದುರು ತಕ್ಕಡಿಯಲ್ಲಿ ಏನಿದೆ? ಭಾರತದಲ್ಲಿ ವರ್ಷಕ್ಕೆ 18,000ದಿಂದ 20,000 ಜನ ರೇಬೀಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಇದು. ಬಹುಪಾಲು ನಾಯಿ ಕಡಿತದಿಂದ ಬಂದದ್ದು ನಿಜ. ಆದರೆ ರಾತ್ರಿಯೆಲ್ಲ ಹಿತ್ತಿಲು, ಬಣವೆ ಸುತ್ತಿ, ಬೀದಿನಾಯಿಯ ಜೊತೆ ಜಗಳಾಡಿ, ಬೆಳಗ್ಗೆ ಮಗುವಿನ ಹಾಸಿಗೆಗೆ ಬಂದು ಮಲಗುವ ಪ್ರಾಣಿ ಬೆಕ್ಕು. ಬೆಕ್ಕಿನ ಪಾಲಿಗೇ ನೋಡಿದರೆ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಸ್ ರೋಗವಿದೆ. ಲಸಿಕೆ ಕಾಣದ ಮರಿಗಳು ವಾಂತಿ, ಭೇದಿ ಹತ್ತಿ ಸಾಲಾಗಿ ಸಾಯುವುದು ಹೆಚ್ಚಾಗಿ ಇದರಿಂದಲೇ. ಆ ವೈರಸ್ ನೆಲದಲ್ಲಿ, ಚೀಲದಲ್ಲಿ, ಗೋಡೆಯ ಸಂದಿಯಲ್ಲಿ ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಅಲರ್ಜಿಗೆ ಹೆದರಿ ಲಸಿಕೆಯನ್ನೇ ಬಿಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಹಾಗೆಂದು ‘ಅಪರೂಪ’ ಎಂಬ ಮಾತಿನಲ್ಲೇ ವಿಷಯ ಮುಗಿಯುವುದಿಲ್ಲ. ಹತ್ತು ಸಾವಿರದಲ್ಲಿ ಆ ಮೂರರೊಳಗೊಂದು ನಮ್ಮ ಮನೆಯದ್ದಾದಾಗ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಏನು ನಡೆಯುತ್ತಿದೆ ಎಂಬ ತಿಳಿವಳಿಕೆ ಬರುತ್ತದೆ.

ಲಸಿಕೆಯ ಬಾಟಲಿಯಲ್ಲಿ ವೈರಸ್ ಮಾತ್ರ ಇರುವುದಿಲ್ಲ. ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸುವಾಗ ಬಳಸಿದ ಕರುವಿನ ರಕ್ತಸಾರದ ಪ್ರೋಟೀನುಗಳ ಅಂಶ, ಕೆಡದಂತೆ ಕಾಯುವ ಜೆಲಟಿನ್‌ನಂಥ ವಸ್ತುಗಳು, ಕೊಂದ ವೈರಸ್ಸಿನ ಲಸಿಕೆಗಳಲ್ಲಿ ಪ್ರತಿಕ್ರಿಯೆ ಹೆಚ್ಚಿಸುವ ಅಲ್ಯೂಮಿನಿಯಂ ಲವಣ ಹೀಗೆ ಹಲವು ಇರುತ್ತವೆ. ಲಸಿಕೆಗೆ ಅಲರ್ಜಿಯಾದ ನಾಯಿಗಳ ಮೇಲೆ ಜಪಾನಿನಲ್ಲಿ ನಡೆದ ಸಂಶೋಧನೆಯಲ್ಲಿ ಹೆಚ್ಚಿನ ನಾಯಿಗಳ ದೇಹ ಸಿಟ್ಟಾಗಿದ್ದು ವೈರಸ್ಸಿನ ಮೇಲಲ್ಲ, ಈ ರಕ್ತಸಾರದ ಪ್ರೋಟೀನುಗಳ ಮೇಲೆ ಎಂದು ಕಂಡುಬಂತು. ಮೊದಲ ಸಲ ಇಂಥ ಪ್ರೋಟೀನು ಒಳಹೊಕ್ಕಾಗ ಕೆಲವು ಪ್ರಾಣಿಗಳ ದೇಹ ಅದನ್ನು ವೈರಿಯೆಂದು ಗುರುತು ಹಾಕಿಕೊಳ್ಳುತ್ತದೆ; ಆ ಗುರುತಿನ ಹೆಸರು ಐಜಿಇ ಪ್ರತಿಕಾಯ. ಎರಡನೇ ಸಲ ಅದೇ ಪ್ರೋಟೀನು ಬಂದಾಗ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಸುರಿಯುತ್ತವೆ. ಆದ್ದರಿಂದ ‘ಹೋದ ಸಲ ಏನೂ ಆಗಿರಲಿಲ್ಲ’ ಎಂಬ ಧೈರ್ಯಕ್ಕೆ ಬುಡ ಗಟ್ಟಿಯಿಲ್ಲ. ಮೊದಲ ಸೂಜಿಯಲ್ಲಿ ಸುಮ್ಮನಿದ್ದ ಬೆಕ್ಕು ಎರಡನೆಯದಕ್ಕೆ ಕುಸಿಯಬಹುದು.

ಇಲ್ಲಿ ಬೆಕ್ಕು ನಾಯಿಯ ಹಾಗಲ್ಲ. ತೀವ್ರ ಅಲರ್ಜಿ ನಾಯಿಯಲ್ಲಿ ಮುಖ್ಯವಾಗಿ ಯಕೃತ್ತು, ಕರುಳಿನ ಮೇಲೆ ಬಿದ್ದರೆ ಬೆಕ್ಕಿನಲ್ಲಿ ಶ್ವಾಸಕೋಶ ಮತ್ತು ಕರುಳಿನ ಮೇಲೆ ಬೀಳುತ್ತದೆ. ಮುಖ, ಕಿವಿ ತುರಿಸಿಕೊಳ್ಳುವುದು, ಕಣ್ಣಿನ ಸುತ್ತ ಊತ, ಜೊಲ್ಲು, ಹಠಾತ್ ವಾಂತಿ, ಭೇದಿ ಇವು ಮೊದಲ ಸುಳಿವುಗಳು. ಬಾಯಿ ತೆರೆದು ಉಸಿರಾಡುವುದು, ವಸಡು ಬಿಳುಚಿಕೊಳ್ಳುವುದು ಅಥವಾ ನೀಲಿಗಟ್ಟುವುದು, ಕಾಲು ನಿಲ್ಲದೆ ಒರಗುವುದು ಜೀವಕ್ಕೆ ಕುತ್ತು ಬಂದಿರುವ ಚಿಹ್ನೆಗಳು. ಇವು ಸಾಮಾನ್ಯವಾಗಿ ನಿಮಿಷಗಳಿಂದ ಕೆಲವು ಗಂಟೆಗಳ ಒಳಗೆ ಕಾಣಿಸಿಕೊಳ್ಳುತ್ತವೆ. ಅತಿ ತೀವ್ರವಾದವು ಬಹುತೇಕ ಮೊದಲ ಅರ್ಧ ಗಂಟೆಯೊಳಗೆ. ಮರುದಿನ ಬೆಕ್ಕು ಮಂಕಾಗಿ ಮಲಗುವುದು, ಮೈ ಬೆಚ್ಚಗಾಗುವುದು, ಒಂದು ಹೊತ್ತು ಊಟ ಬಿಡುವುದು ಅಲರ್ಜಿಯಲ್ಲ. ಲಸಿಕೆ ಕೆಲಸ ಮಾಡುವಾಗ ಇವೆಲ್ಲ ಸಹಜ, ಒಂದೆರಡು ದಿನದಲ್ಲಿ ಸರಿಹೋಗುತ್ತವೆ.

ಈ ಎರಡರ ವ್ಯತ್ಯಾಸ ತಿಳಿಯದ್ದರಿಂದ ನಮ್ಮಲ್ಲಿ ನಡೆಯಬಹುದಾದ ಅನಾಹುತವೊಂದಿದೆ. ಸಹಜ ಜ್ವರಕ್ಕೆ ಹೆದರಿ ಮನೆಯವರು ಮಕ್ಕಳ ಡಬ್ಬಿಯಿಂದ ಪ್ಯಾರಾಸಿಟಮಾಲ್ ತೆಗೆದು ಕೊಡುತ್ತಾರೆ. ಡೋಲೋ ಇರಲಿ, ಕ್ರೋಸಿನ್ ಇರಲಿ, ಬೆಕ್ಕಿನ ಪಾಲಿಗೆ ಅದು ವಿಷ. ಆ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರಲಾರದಂತಾಗಿ, ವಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ ಪ್ರಾಣಿ ಸಾಯುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು. ಮುಖ ಊದಿದ್ದು ಕಂಡವರು ‘ಲಸಿಕೆಯಿಂದಲೇ ಸತ್ತಿತು’ ಎನ್ನುತ್ತಾರೆ, ಸುದ್ದಿ ಓಣಿಯಲ್ಲಿ ಹಾಗೆಯೇ ಹರಡುತ್ತದೆ. ಲಸಿಕೆ ಹಾಕಿದವರು ‘ಮನುಷ್ಯರ ಮಾತ್ರೆ ಕೊಡಬೇಡಿ’ ಎಂಬ ಒಂದು ಮಾತು ಹೇಳಿ ಕಳಿಸಿದ್ದರೆ ಆ ಬೆಕ್ಕು ಬದುಕುತ್ತಿತ್ತು, ಲಸಿಕೆಯ ಹೆಸರೂ ಉಳಿಯುತ್ತಿತ್ತು.

ನಿಜವಾದ ತೀವ್ರ ಅಲರ್ಜಿಯಾದರೆ ಪ್ರಾಣ ಉಳಿಸುವ ಮೊದಲ ಔಷಧ ಅಡ್ರಿನಲಿನ್. ಕುಸಿದ ರಕ್ತದೊತ್ತಡವನ್ನು ಎತ್ತುವುದು, ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳವನ್ನು ಬಿಡಿಸುವುದು ಎರಡನ್ನೂ ಅದೊಂದೇ ಮಾಡುತ್ತದೆ. ಹಳ್ಳಿಯಲ್ಲಿ ಎಲ್ಲಕ್ಕೂ ಮೊದಲು ನೆನಪಾಗುವ ಅವಿಲ್, ಡೆಕ್ಸಾಮೆಥಾಸೋನ್ ಸೂಜಿಗಳು ಅದರ ಹಿಂದೆ ಬರಬೇಕಾದವು. ಅದರ ಜಾಗಕ್ಕೆ ಬರುವಂಥವಲ್ಲ. ತುರಿಕೆ, ಮುಖದ ಊತಕ್ಕೆ ಅವು ಸಾಕಾದಾವು. ಉಸಿರು ಕಟ್ಟುತ್ತಿರುವಾಗ ಅವುಗಳನ್ನು ನೆಚ್ಚಿ ಕೂರುವುದು ಕಾಲಹರಣ. ಅಡ್ರಿನಲಿನ್ ದುಬಾರಿಯಲ್ಲ, ಅಪರೂಪದ್ದೂ ಅಲ್ಲ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧ. ಆದರೆ ಅಳತೆ ಸೂಕ್ಷ್ಮ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಮಾಂಸಖಂಡಕ್ಕೆ ಕೊಡಬೇಕಾದದ್ದು ಸುಮಾರು 0.04 ಮಿ.ಲೀ., ಒಂದು ಮಿ.ಲೀ. ಆಂಪೂಲಿನ ಇಪ್ಪತ್ತೈದನೇ ಒಂದು ಪಾಲು. ಮನೆಯವರು ಕೈಹಾಕುವ ಕೆಲಸ ಇದಲ್ಲ. ಜೊತೆಗೆ ಆಮ್ಲಜನಕ, ನರಕ್ಕೆ ಸಲೈನ್, ಕೆಲವು ಗಂಟೆಗಳ ನಿಗಾ ಬೇಕಾಗುತ್ತದೆ.

ಚೋರನೂರಿನ ಪ್ರಶ್ನೆ ಇರುವುದೇ ಇಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಆ ಕಡೆಗೆ ಹೋಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಬೆಕ್ಕು ಕಟ್ಟಿಕೊಂಡು ಹೊರಟವರಿಗೆ ಇದರಿಂದ ಹೆಚ್ಚೇನೂ ಬದಲಾಗಿಲ್ಲ: ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿಯಬೇಕು, ಸಾಕುಪ್ರಾಣಿಗಳಿಗೆಂದೇ ಇರುವ ಕ್ಲಿನಿಕ್ಕು ಬೇಕೆಂದರೆ ಇನ್ನೂ ಮುಂದೆ ಬಳ್ಳಾರಿಗೋ ಹೊಸಪೇಟೆಗೋ ಹೋಗಬೇಕು. ಅದಿರಿನ ಲಾರಿಗಳ ನಡುವಿನ ಆ ದಾರಿಯಲ್ಲಿ ಉಸಿರು ಕಟ್ಟಿದ ಬೆಕ್ಕಿಗೆ ಕಾಲ ಇರುವುದಿಲ್ಲ. ಪಟ್ಟಣದ ಬಡಾವಣೆಯಲ್ಲಿ ಮನೆಗೆ ಹೋದ ಮೇಲೆ ಅಲರ್ಜಿ ಶುರುವಾದರೂ ಆಟೋ ಹತ್ತಿ ಮರಳಬಹುದು. ಹಳ್ಳಿಯಲ್ಲಿ ಲಸಿಕೆ ಹಾಕುವ ಜಾಗದಲ್ಲೇ ಅಡ್ರಿನಲಿನ್ ಇರಬೇಕು, ಇಲ್ಲವಾದರೆ ಎಲ್ಲೂ ಇಲ್ಲ. ಪಟ್ಟಣದವರಿಗೆ ಹೆಚ್ಚುವರಿ ಎಚ್ಚರವೆನಿಸುವ ಅರ್ಧ ಗಂಟೆಯ ಕಾಯುವಿಕೆ ಹಳ್ಳಿಯವರ ಪಾಲಿಗೆ ಇರುವ ಒಂದೇ ರಕ್ಷಣೆ.

ನಡೆಯುವುದು ಮಾತ್ರ ಇದರ ತದ್ವಿರುದ್ಧ. ಪ್ರತಿವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ರಾಜ್ಯದ ಪಶುಪಾಲನಾ ಇಲಾಖೆ ಉಚಿತ ಲಸಿಕಾ ಶಿಬಿರಗಳನ್ನು ನಡೆಸುತ್ತದೆ, ಒಳ್ಳೆಯ ಕೆಲಸ. ಅಲ್ಲಿಗೆ ನಾಯಿ ಸರಪಳಿಯಲ್ಲಿ ಬಂದರೆ ಬೆಕ್ಕು ಬರುವುದು ಗೋಣಿಚೀಲದಲ್ಲಿ ಅಥವಾ ಮುಚ್ಚಳದ ಬುಟ್ಟಿಯಲ್ಲಿ. ಸೂಜಿ ಬೀಳುತ್ತಲೇ ಚೀಲದ ಬಾಯಿ ಮತ್ತೆ ಕಟ್ಟಿ ಬೈಕಿಗೆ ಸಿಕ್ಕಿಸುತ್ತಾರೆ. ಒಳಗೆ ಮುಖ ಊದಿದರೂ, ವಾಂತಿಯಾದರೂ ಮನೆ ಮುಟ್ಟುವವರೆಗೆ ಗೊತ್ತಾಗುವುದಿಲ್ಲ. ಇನ್ನು ಕೆಲವೆಡೆ ಔಷಧ ಅಂಗಡಿಯಿಂದ ಲಸಿಕೆ ಕೊಂಡು, ಪರಿಚಯದವರಿಂದ ಮನೆಯಲ್ಲೇ ಚುಚ್ಚಿಸುವುದೂ ಉಂಟು. ಚುಚ್ಚುವುದು ಯಾರಿಗಾದರೂ ಬಂದೀತು, ಆಮೇಲಿನದು ಬರುವುದಿಲ್ಲ.

ಇದು ಅತಿಯಾದ ಬೇಡಿಕೆ ಎನ್ನುವವರಿಗೆ ಒಂದು ನೆನಪು. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಪ್ರತಿಯೊಬ್ಬರನ್ನೂ ಅರ್ಧ ಗಂಟೆ ಕುರ್ಚಿಯ ಮೇಲೆ ಕೂರಿಸಲಾಗಿತ್ತು. ಶಾಲೆಯ ಕೋಣೆಯಲ್ಲೋ ಸಮುದಾಯ ಭವನದಲ್ಲೋ ಕೂತು ಗಡಿಯಾರ ನೋಡಿದ್ದು ಹಳ್ಳಿ ಹಳ್ಳಿಯ ಜನರಿಗೆ ಗೊತ್ತು. ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿ ಅಡ್ರಿನಲಿನ್ ಇರುವ ತುರ್ತು ಕಿಟ್ ಇಡುವ ನಿಯಮವೂ ಇದೆ. ಮನುಷ್ಯರಿಗೆ ಈ ಪದ್ಧತಿ ತಂದವರು ‘ಜನ ಹೆದರುತ್ತಾರೆ’ ಎಂದು ಅದನ್ನು ಬಿಡಲಿಲ್ಲ. ಕೂರಿಸಿದ್ದರಿಂದಲೇ ಜನರಿಗೆ ಭರವಸೆ ಬಂತು. ಬೆಕ್ಕಿನ ಲಸಿಕೆಗೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ, ಇದ್ದುದನ್ನೇ ಪಕ್ಕದ ಕಟ್ಟಡಕ್ಕೆ ಒಯ್ಯಬೇಕು.

ಅಡ್ಡಪರಿಣಾಮವನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ರೇಬೀಸ್ ಲಸಿಕೆಯ ಚರಿತ್ರೆಯೇ ಸಾಕ್ಷಿ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಹೊಟ್ಟೆಗೆ ದಿನವೂ ಒಂದರಂತೆ ಹದಿನಾಲ್ಕರವರೆಗೆ ಸೂಜಿ. ಅದು ಅಸಂಖ್ಯ ಜೀವ ಉಳಿಸಿತು. ಜೊತೆಗೆ, ಲಸಿಕೆಯಲ್ಲಿದ್ದ ಮಿದುಳಿನ ಅಂಶಕ್ಕೆ ದೇಹ ತಿರುಗಿಬಿದ್ದು ಕೆಲವರಿಗೆ ಪಾರ್ಶ್ವವಾಯುವಿನಂಥ ತೊಂದರೆಯನ್ನೂ ತಂದಿತು. ಬೆಕ್ಕಿನ ಅಲರ್ಜಿಯ ಬಗೆ ಅದಲ್ಲ, ಆದರೆ ಜನರ ಮನಸ್ಸಿನ ಮೇಲೆ ಆದ ಪರಿಣಾಮ ಒಂದೇ. ಹೊರಗೆ ಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಬಂದು ದಶಕಗಳಾದ ಮೇಲೆ, 2004ರ ಕೊನೆಗೆ, ಭಾರತ ಈ ಹಳೆಯ ಲಸಿಕೆಯನ್ನು ನಿಲ್ಲಿಸಿತು. ಲಸಿಕೆ ಹೋಯಿತು, ಹೆದರಿಕೆ ಹೋಗಲಿಲ್ಲ. ನಾಯಿ ಕಚ್ಚಿದವರು ಇವತ್ತಿಗೂ ‘ಹೊಕ್ಕುಳ ಸುತ್ತ ಹದಿನಾಲ್ಕು’ ಎಂಬ ಮಾತಿಗೆ ಅಂಜಿ ನಾಟಿ ಔಷಧಿಯ ಕಡೆ ನಡೆಯುವುದುಂಟು. ಲಸಿಕೆಯ ತೊಂದರೆಯನ್ನು ಒಪ್ಪಿಕೊಂಡು ನಿಭಾಯಿಸದಿದ್ದರೆ ಅಪನಂಬಿಕೆ ಲಸಿಕೆಗಿಂತ ಹೆಚ್ಚು ಕಾಲ ಬದುಕುತ್ತದೆ.

ಒಮ್ಮೆ ಅಲರ್ಜಿಯಾಗಿ ಬದುಕಿದ ಬೆಕ್ಕಿಗೆ ಮುಂದೇನು ಎಂಬುದು ಇನ್ನೂ ಕಷ್ಟದ ಪ್ರಶ್ನೆ. ‘ಇನ್ನೆಂದೂ ಬೇಡ’, ‘ಮೊದಲಿನಂತೆಯೇ ಹಾಕೋಣ’ ಎರಡೂ ಸೋಮಾರಿ ಉತ್ತರಗಳು. ಲಸಿಕೆಯಿಂದ ಲಸಿಕೆಗೆ ಬೇರೆಯಾಗಿಯೇ ಯೋಚಿಸಬೇಕು. ಪ್ಯಾನ್‌ಲ್ಯುಕೋಪೀನಿಯಕ್ಕೆ ಹಾಕುವ ಜೀವಂತ ದುರ್ಬಲ ವೈರಸ್ಸಿನ ಲಸಿಕೆಯ ರಕ್ಷಣೆ ವರ್ಷಗಟ್ಟಲೆ ಇರುತ್ತದೆ. ಮರಿಯಾಗಿದ್ದಾಗಿನ ಡೋಸುಗಳು ಮತ್ತು ಅದರ ನಂತರದ ಬೂಸ್ಟರ್ ಸರಿಯಾಗಿ ಆಗಿದ್ದರೆ ಈ ಲಸಿಕೆ ಮೂರು ವರ್ಷಕ್ಕೊಮ್ಮೆಗಿಂತ ಬೇಗ ಬೇಡ ಎಂಬುದು ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘಟನೆಯಾದ ಡಬ್ಲ್ಯೂಎಸ್‌ಎವಿಎಯ ಮಾರ್ಗಸೂಚಿ. ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ಲಸಿಕೆಯನ್ನು ಮುಂದೂಡಲೂಬಹುದು. ರೇಬೀಸ್‌ನ ಮಾತು ಬೇರೆ. ಅಲ್ಲಿ ಬೆಕ್ಕಿನ ಜೀವದ ಜೊತೆ ಮನೆಮಂದಿಯ ಜೀವವೂ ಸೇರಿದೆ. ಹೊರಗೆ ತಿರುಗುವ ಹಳ್ಳಿಯ ಬೆಕ್ಕಿಗೆ ಅದನ್ನು ಬಿಡುವ ನಿರ್ಧಾರ ಸುಲಭದ್ದಲ್ಲ. ಹಾಗಾಗಿ ಬೇರೆ ಕಂಪನಿಯ ಲಸಿಕೆ, ಒಂದು ಸಲಕ್ಕೆ ಒಂದೇ ಸೂಜಿ, ಇನ್ನೊಂದು ಬೇಕಿದ್ದರೆ ಮೂರ್ನಾಲ್ಕು ವಾರದ ನಂತರ, ಬೆಳಗಿನ ಹೊತ್ತಿನಲ್ಲಿ, ಅಡ್ರಿನಲಿನ್ ಸಿದ್ಧವಿರುವ ಕಡೆ, ಕೆಲವು ಗಂಟೆ ಅಲ್ಲೇ ಉಳಿಯುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಇಂಥ ಬೆಕ್ಕಿಗಾಗಿಯಾದರೂ ಬಳ್ಳಾರಿ, ಹೊಸಪೇಟೆಯ ದಾರಿ ಹಿಡಿಯುವುದು ನ್ಯಾಯ. ಮುಂಚೆಯೇ ಅಲರ್ಜಿನಿರೋಧಕ ಸೂಜಿ ಕೊಡುವ ಪದ್ಧತಿಯೂ ಇದೆ. ಅದು ಸಣ್ಣ ತೊಂದರೆಯನ್ನು ತಗ್ಗಿಸೀತು. ತೀವ್ರವಾದದ್ದನ್ನು ತಡೆದೇ ತೀರುತ್ತದೆಂಬ ಖಾತರಿಯಿಲ್ಲ, ಮೊದಲ ಸುಳಿವುಗಳನ್ನು ಮರೆಮಾಚಲೂಬಹುದು. ‘ಅರ್ಧ ಡೋಸ್ ಹಾಕಿ’ ಎಂದು ಕೇಳುವುದರಲ್ಲಂತೂ ಅರ್ಥವಿಲ್ಲ. ಅಲರ್ಜಿ ಎಬ್ಬಿಸಲು ಅರ್ಧ ಡೋಸ್ ಧಾರಾಳವಾಗಿ ಸಾಕು, ರಕ್ಷಣೆ ಕೊಡಲು ಸಾಲದು.

ಇಷ್ಟೆಲ್ಲ ತೀರ್ಮಾನಿಸಲು ವೈದ್ಯರಿಗೆ ಬೇಕಾದದ್ದು ಒಂದು ಚೀಟಿ: ಯಾವ ಲಸಿಕೆ, ಯಾವ ಕಂಪನಿ, ಬ್ಯಾಚ್ ಸಂಖ್ಯೆ, ಮೈಯ ಯಾವ ಭಾಗಕ್ಕೆ ಚುಚ್ಚಿದ್ದು, ಎಷ್ಟು ಹೊತ್ತಿಗೆ ಏನಾಯಿತು. ಚುಚ್ಚಿದ ಜಾಗ ಬರೆದಿಡಲು ಇನ್ನೊಂದು ಕಾರಣವೂ ಇದೆ. ಬಹಳ ಅಪರೂಪಕ್ಕೆ ಬೆಕ್ಕಿಗೆ ಸೂಜಿ ಬಿದ್ದ ಕಡೆ ಕ್ಯಾನ್ಸರ್ ಗಡ್ಡೆ ಬೆಳೆಯುವುದನ್ನು 1991ರಲ್ಲಿ ಪೆನ್ಸಿಲ್ವೇನಿಯಾದ ಸಂಶೋಧಕರು ಗುರುತಿಸಿದರು. ಅಂದಿನಿಂದ, ಶಸ್ತ್ರಚಿಕಿತ್ಸೆಗೆ ಅನುಕೂಲವಾಗಲೆಂದು, ಹೆಗಲ ನಡುವೆ ಚುಚ್ಚುವುದನ್ನು ಬಿಟ್ಟು ಕಾಲಿನ ಕೆಳಭಾಗಕ್ಕೆ ಚುಚ್ಚುವ ಸಲಹೆ ಬಂದಿದೆ. ಚುಚ್ಚಿದ ಕಡೆಯ ಗಂಟು ಮೂರು ತಿಂಗಳು ಕಳೆದರೂ ಇದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಒಂದು ತಿಂಗಳ ಮೇಲೂ ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

‘ದನಕರುಗಳಿಗೇ ವೈದ್ಯರು ಸಾಲದಿರುವಾಗ ಬೆಕ್ಕಿಗೆ ಅರ್ಧ ಗಂಟೆ ಎಲ್ಲಿಂದ ತರುವುದು’ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಎಮ್ಮೆ ಸತ್ತರೆ ಮನೆಯ ಆದಾಯ ಹೋಗುತ್ತದೆ, ಬೆಕ್ಕು ಸತ್ತರೆ ಹೋಗುವುದಿಲ್ಲ. ಆದರೆ ಕೇಳುತ್ತಿರುವುದು ವೈದ್ಯರ ಅರ್ಧ ಗಂಟೆಯನ್ನಲ್ಲ. ಸಾಕಿದವರು ತಮ್ಮ ಬೆಕ್ಕನ್ನು ಒಳಗಿನದು ಕಾಣುವ ಪಂಜರದಲ್ಲೋ ಜಾಲರಿ ಬುಟ್ಟಿಯಲ್ಲೋ ಇಟ್ಟುಕೊಂಡು ನೆರಳಲ್ಲಿ ಕೂರಬೇಕು. ವೈದ್ಯರು ತಮ್ಮ ಪಾಡಿಗೆ ಉಳಿದ ಸಾಲಿಗೆ ಲಸಿಕೆ ಹಾಕುತ್ತಿರಬಹುದು. ಅವರ ಮೇಜಿನ ಮೇಲೆ ಒಂದು ಆಂಪೂಲ್ ಅಡ್ರಿನಲಿನ್, ಒಂದು ಇನ್ಸುಲಿನ್ ಸಿರಿಂಜು, ತೂಕಕ್ಕೆ ತಕ್ಕ ಅಳತೆ ಬರೆದ ಒಂದು ಹಾಳೆ ಇರಬೇಕು. ದನಗಳಿಗೂ ಲಸಿಕೆಯ ಅಲರ್ಜಿ ಆಗುವುದುಂಟು. ಆ ಆಂಪೂಲು ಬೆಕ್ಕಿಗೆಂದು ಇಟ್ಟದ್ದಾದರೂ ಎಮ್ಮೆಗೂ ಒದಗುತ್ತದೆ.

ಲಸಿಕೆ ಹಾಕಿಸಿ ಎಂದು ಜನರಿಗೆ ಹೇಳುವ ಅಧಿಕಾರ ಇಲಾಖೆಗೆ, ವೈದ್ಯರಿಗೆ, ನಮ್ಮಂಥ ಬರೆಯುವವರಿಗೆ ಬರುವುದು ಅಡ್ಡಪರಿಣಾಮವೇ ಇಲ್ಲವೆಂಬ ಭರವಸೆಯಿಂದಲ್ಲ, ಅದು ಆದಾಗ ಏನು ಮಾಡುತ್ತೇವೆಂದು ತೋರಿಸುವ ಸಿದ್ಧತೆಯಿಂದ. ಮುಂದಿನ ಸೆಪ್ಟೆಂಬರಿನಲ್ಲಿ ಶಿಬಿರಕ್ಕೆ ಬೆಕ್ಕನ್ನು ಒಯ್ಯುವವರು ಮೂರು ಪ್ರಶ್ನೆ ಕೇಳಲಿ: ಅಡ್ರಿನಲಿನ್ ಇದೆಯೇ, ಎಷ್ಟು ಹೊತ್ತು ಇಲ್ಲೇ ಇರಬೇಕು, ಬ್ಯಾಚ್ ಸಂಖ್ಯೆ ಬರೆದುಕೊಡುತ್ತೀರಾ? ಉತ್ತರ ಸಿಕ್ಕರೆ ಧೈರ್ಯವಾಗಿ ಸೂಜಿ ಹಾಕಿಸಲಿ. ಸಿಗದಿದ್ದರೆ ಜಗಳವಾಡದೆ, ಅದೇ ಪ್ರಶ್ನೆಗಳನ್ನು ಬರೆದು ಗ್ರಾಮ ಪಂಚಾಯಿತಿಗೂ ತಾಲ್ಲೂಕು ಪಶು ಆಸ್ಪತ್ರೆಗೂ ಕೊಡಲಿ. ಕೇಳುವವರು ಹೆಚ್ಚಿದರೆ ಮೇಜಿನ ಮೇಲೆ ಆ ಆಂಪೂಲು ತಾನಾಗಿ ಬರುತ್ತದೆ.